ಕೊಡಗಿನ ಮಳೆಗಾಲಕ್ಕೆ ಯಾವ ವಾಫಲ್ ಮೇಕರ್?

ಗುಳಿಗಳಿರುವ ಎರಡು ಬಿಸಿ ಪ್ಲೇಟುಗಳ ನಡುವೆ ಹಿಟ್ಟು ಸುರಿದು ಬೇಯಿಸುವ ತಿಂಡಿ ವಾಫಲ್. ಅದು ಗರಿಗರಿಯಾಗಬೇಕಾದರೆ ಹಿಟ್ಟಿನೊಳಗಿನ ನೀರು ಬೇಗ ಆವಿಯಾಗಿ ಹೊರಬೀಳಬೇಕು, ಹೊರಬಿದ್ದ ಆವಿ ಮತ್ತೆ ಅದಕ್ಕೇ ಅಂಟಬಾರದು. ಮೊದಲನೆಯದು ಯಂತ್ರದ ಕಾವಿಗೆ ಸೇರಿದ್ದು, ಎರಡನೆಯದು ಮಾಡುವವರ ಕೈಗೆ ಸೇರಿದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಗೆದ ಬಟ್ಟೆಯೇ ಒಣಗದ ಮಡಿಕೇರಿ, ಭಾಗಮಂಡಲದ ಕಡೆ ಎರಡೂ ಸುಲಭವಲ್ಲ. ಅಂಗಡಿಯಲ್ಲಿ ಸಿಗುವ ಎರಡು ಬಗೆಯ ವಾಫಲ್ ಮೇಕರ್‌ಗಳನ್ನು ಇಲ್ಲಿ ತೂಗಿ ನೋಡಿದ್ದೇವೆ: ಒಂದು ಕರೆಂಟಿನದು, ಇನ್ನೊಂದು ಗ್ಯಾಸ್ ಒಲೆಯ ಮೇಲಿಡುವ ಎರಕದ ಅಲ್ಯೂಮಿನಿಯಂನದು. ಯಾವುದೋ ಒಂದು ಕಂಪನಿಯ ಮಾಲನ್ನು ಹೊಗಳುವುದಕ್ಕಲ್ಲ. ಯಾವ ಕಂಪನಿಯದಾದರೂ ಕೊಳ್ಳುವ ಮೊದಲು ಏನೇನು ನೋಡಬೇಕು, ಕೊಂಡ ಮೇಲೆ ಹೇಗೆ ಬಳಸಬೇಕು ಎನ್ನುವುದಕ್ಕೆ.

ಕರೆಂಟಿನದರಲ್ಲಿ ಹೆಚ್ಚಾಗಿ ಸಿಗುವುದು ಒಮ್ಮೆಗೆ ಎರಡು ಚೌಕದ ವಾಫಲ್ ಮಾಡುವ, ನಾನ್‌ಸ್ಟಿಕ್ ಪ್ಲೇಟಿನ, 700ರಿಂದ 750 ವಾಟ್‌ನ ಮಾದರಿ. 230 ವೋಲ್ಟಿನಲ್ಲಿ ಅದು ಎಳೆಯುವುದು 3.3 ಆಂಪಿಯರ್‌ನಷ್ಟು, 6 ಆಂಪಿಯರ್‌ನ ಸಾಮಾನ್ಯ ಪ್ಲಗ್ ಸಾಕು. ಕಾವು ಸರಿಯಾಗಿ ಸಿಕ್ಕಾಗ ಕೆಲಸ ಅಚ್ಚುಕಟ್ಟು. ಎರಡೂ ಬದಿ ಒಂದೇ ಬಣ್ಣಕ್ಕೆ ಬರುತ್ತದೆ, ಮಗುಚುವ ತಾಪತ್ರಯವಿಲ್ಲ, ಬೆಳಗಿನ ಗಡಿಬಿಡಿಯಲ್ಲಿ ಪಕ್ಕದಲ್ಲೇ ನಿಂತಿರಬೇಕಾಗಿಲ್ಲ.

ತೊಡಕಿರುವುದು ವೋಲ್ಟೇಜಿನಲ್ಲಿ. ಪ್ಲೇಟನ್ನು ಕಾಯಿಸುವ ಕಾಯಿಲ್ ಕೊಡುವ ಶಾಖ ವೋಲ್ಟೇಜಿನ ವರ್ಗಕ್ಕೆ (ವೋಲ್ಟೇಜನ್ನು ಅದರಿಂದಲೇ ಗುಣಿಸಿದ ಮೊತ್ತಕ್ಕೆ) ತಕ್ಕಂತೆ ಏರಿಳಿಯುತ್ತದೆ. 230 ವೋಲ್ಟಿನಲ್ಲಿ 750 ವಾಟ್ ಕೊಡುವ ಯಂತ್ರ 200ಕ್ಕೆ ಬಂದಾಗ ಸುಮಾರು 565 ವಾಟ್ ಕೊಡುತ್ತದೆ. 180ಕ್ಕೆ ಇಳಿದರೆ ಬರೀ 460. ಲೈನಿನ ಕೊನೆಯಲ್ಲಿರುವ ತೋಟದ ಮನೆಗಳವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಖಾಲಿ ಪ್ಲೇಟು ನಿಧಾನಕ್ಕಾದರೂ ಕಾಯುವುದರಿಂದ ಹಸಿರು ದೀಪವೇನೋ ಹತ್ತುತ್ತದೆ. ಆದರೆ ತಣ್ಣನೆಯ ಹಿಟ್ಟು ಬಿದ್ದು ಕಾವು ಇಳಿದಾಗ ಅದನ್ನು ಮತ್ತೆ ಏರಿಸುವ ತಾಕತ್ತು ಯಂತ್ರಕ್ಕಿರುವುದಿಲ್ಲ. ಹಿಟ್ಟು ಕೆಂಪಗೆ ಹುರಿದುಕೊಳ್ಳುವ ಬದಲು ಆವಿಯಲ್ಲೇ ಬೇಯುತ್ತದೆ, ಹೊರಪದರ ಬಿಳಿಚಿಕೊಂಡು ಚರ್ಮದ ಹಾಗೆ ಜಗ್ಗುತ್ತದೆ. ಆಗ ಹೆಚ್ಚಿನವರು ಬೈಯುವುದು ಹಿಟ್ಟನ್ನು. ಮೊದಲ ಜೊತೆ ಐದು ನಿಮಿಷಕ್ಕೆ ಕೆಂಪಾಗಿ ಮೂರನೆಯ ಜೊತೆಗೆ ಎಂಟು ನಿಮಿಷ ಬೇಕಾಯಿತೆಂದರೆ ತಪ್ಪು ಹಿಟ್ಟಿನದಲ್ಲ. ಗೀಸರ್, ಬಾವಿಯ ಪಂಪು ಆರಿಸಿ, ಪ್ರತಿ ಸುತ್ತಿಗೂ ಹಿಟ್ಟು ಸ್ವಲ್ಪ ಕಡಿಮೆ ಹಾಕಿ, ಒಂದು ಜೊತೆ ತೆಗೆದ ಮೇಲೆ ಮುಚ್ಚಳ ಮುಚ್ಚಿ ಎರಡು ನಿಮಿಷ ಬಿಡಿ. ಇದಿಷ್ಟರಲ್ಲೇ ಬಹಳಷ್ಟು ಸುಧಾರಿಸುತ್ತದೆ. ಮನೆಯ ಸಣ್ಣ ಇನ್ವರ್ಟರ್ ಮೇಲೆ ಮಾತ್ರ ಇದನ್ನು ಹಾಕಬೇಡಿ. ದೀಪ, ಫ್ಯಾನಿಗೆಂದು ಕೂರಿಸಿದ ಇನ್ವರ್ಟರ್ ಇಷ್ಟು ಭಾರ ಹೊರುವುದಿಲ್ಲ.

ಕೊಳ್ಳುವಾಗ ಡಬ್ಬದ ಮೇಲಿನ ಚಿತ್ರ ನೋಡಬೇಡಿ, ಮುಚ್ಚಳದ ಹಿಂಜ್ ನೋಡಿ. ಮುಚ್ಚಿದಾಗ ಹಿಂಬದಿಯೂ ಒಂದಿಷ್ಟು ಮೇಲೇಳುವಂತಿರಬೇಕು. ಬಿಗಿಯಾಗಿ ಕೂತ ಹಿಂಜ್ ಆದರೆ ಹಿಟ್ಟು ಉಬ್ಬುವಾಗ ಹಿಂದೆ ಅಪ್ಪಚ್ಚಿಯಾಗಿ, ಮುಂದೆ ಮಾತ್ರ ದಪ್ಪ ಬರುತ್ತದೆ. ಗುಳಿಯ ಆಳವೂ ಮುಖ್ಯ. ಬೆಲ್ಜಿಯಂ ಮಾದರಿ ಎಂದು ಮಾರುವ ಆಳದ ಗುಳಿಯ ಪ್ಲೇಟು ಒಳಗೆ ಮೆತ್ತಗಿನ ದಪ್ಪ ವಾಫಲ್ ಕೊಡುತ್ತದೆ. ಗರಿಗರಿಯೇ ಬೇಕೆಂದರೆ ಕಡಿಮೆ ಆಳದ್ದು, ಒಟ್ಟು ಒಂದೂವರೆ ಸೆಂಟಿಮೀಟರ್ ದಪ್ಪಕ್ಕೆ ಮೀರದ ವಾಫಲ್ ಬರುವಂಥದ್ದು ವಾಸಿ. ಸ್ಯಾಂಡ್‌ವಿಚ್, ಗ್ರಿಲ್, ವಾಫಲ್ ಮೂರಕ್ಕೂ ಪ್ಲೇಟು ಬದಲಿಸುವ ಯಂತ್ರಗಳಲ್ಲಿ ಪ್ಲೇಟನ್ನು ಬಿಚ್ಚಿ ತೊಳೆಯಬಹುದು, ನಿಜ. ಆದರೆ ಪ್ಲೇಟು ಕಾಯಿಲ್‌ಗೆ ಬಿಗಿಯಾಗಿ ಕೂರದಿದ್ದರೆ ಕಾವು ಒಂದೇ ಸಮ ಬರುವುದಿಲ್ಲ. ಅಂಗಡಿಯಲ್ಲೇ ಪ್ಲೇಟು ಹಾಕಿ ಅಲ್ಲಾಡಿಸಿ ನೋಡಿ. ಗಡಗಡ ಎಂದರೆ ಬೇಡ.

ಇನ್ನು ಒಲೆಯ ಮೇಲಿನದು. ಹಿಡಿಯಿರುವ ಎರಡು ಪ್ಲೇಟು, ನಡುವೆ ಒಂದು ಹಿಂಜ್, ಅಷ್ಟೆ. ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲದಿದ್ದರೂ ಇದು ಕೆಲಸ ಮಾಡುತ್ತದೆ. ವೋಲ್ಟೇಜಿನ ಗೊಡವೆ ಇಲ್ಲದ ಕಾರಣ ನಾಲ್ಕನೆಯ ಜೊತೆಯೂ ಮೊದಲನೆಯದರಷ್ಟೇ ಕೆಂಪಾಗುತ್ತದೆ. ಆದರೆ ಕೈಗೆ ಅಭ್ಯಾಸವಾಗಬೇಕು. ಮಧ್ಯಮ ಉರಿಯಲ್ಲಿ ಒಂದೊಂದು ಬದಿ ಮೂರು ಮೂರು ನಿಮಿಷ ಕಾಯಿಸಿ, ಹನಿ ನೀರು ಚಿಮುಕಿಸಿದರೆ ಚಟಪಟ ಎಂದು ಆ ಕ್ಷಣವೇ ಹಾರಿಹೋಗಬೇಕು. ಹಿಟ್ಟು ಹಾಕಿ ಮುಚ್ಚಿ ಹತ್ತು ಸೆಕೆಂಡಿಗೇ ಒಮ್ಮೆ ಮಗುಚಿ. ಇಲ್ಲವಾದರೆ ಮೇಲಿನ ಪ್ಲೇಟಿನ ಗುಳಿಗಳಿಗೆ ಹಿಟ್ಟು ಇಳಿಯದೆ ಒಂದು ಬದಿ ಮೊಂಡಾಗುತ್ತದೆ. ಆಮೇಲೆ ಒಂದೊಂದು ಬದಿಗೆ ಎರಡೂವರೆಯಿಂದ ಮೂರು ನಿಮಿಷ. ದೊಡ್ಡ ಬರ್ನರ್ ಬೇಡ. ಉರಿ ಪ್ಲೇಟಿನ ಅಂಚು ದಾಟಿದರೆ ಬೇಕಲೈಟ್ ಹಿಡಿ ಸುಟ್ಟು ವಾಸನೆ ಬರುತ್ತದೆ. ಅಲ್ಯೂಮಿನಿಯಂನದು ಇಂಡಕ್ಷನ್ ಒಲೆಯ ಮೇಲೆ ಕಾಯುವುದೇ ಇಲ್ಲ, ಅದನ್ನು ಮರೆಯಬೇಡಿ.

ಕುಶಾಲನಗರ, ಗೋಣಿಕೊಪ್ಪ, ವಿರಾಜಪೇಟೆ ಪೇಟೆಯೊಳಗೆ ವೋಲ್ಟೇಜ್ ನೆಟ್ಟಗಿರುವ ಮನೆಗೆ ಕರೆಂಟಿನದನ್ನೇ ಹೇಳುತ್ತೇವೆ. ಪೇಟೆಯಿಂದ ದೂರದ ತೋಟದ ಮನೆಗೆ, ಅದೂ ಒಂದನ್ನೇ ಕೊಳ್ಳುವುದಾದರೆ, ಒಲೆಯ ಮೇಲಿನದು; ಇದರಲ್ಲಿ ನಮಗೆ ಅನುಮಾನವೇ ಇಲ್ಲ. ಹೋಮ್‌ಸ್ಟೇ ನಡೆಸುವವರಿಗೆ ಎರಡು ಸ್ಲೈಸ್ ಯಂತ್ರ ಸಾಲದು. ಒಂದು ಸುತ್ತಿಗೆ ಐದು ನಿಮಿಷ, ನಡುವೆ ಒಂದೂವರೆ ನಿಮಿಷ ಎಂದು ಲೆಕ್ಕ ಹಾಕಿದರೆ ನಾಲ್ಕು ಜನರಿಗೆ ತಲಾ ಎರಡು ಮಾಡಲು ಹೆಚ್ಚುಕಡಿಮೆ 25 ನಿಮಿಷ ಹಿಡಿಯುತ್ತದೆ. ಹತ್ತು ಜನರಿಗೆ ಒಂದು ಗಂಟೆ ದಾಟುತ್ತದೆ. ಹಾಗೆಂದು 1500 ವಾಟ್‌ನ ತಿರುಗಿಸುವ ಯಂತ್ರ ತಂದರೆ ಅದು 6.5 ಆಂಪಿಯರ್ ಎಳೆಯುತ್ತದೆ. ಅದಕ್ಕೆ 16 ಆಂಪಿಯರ್ ಪ್ಲಗ್ಗೇ ಬೇಕು.

ಯಂತ್ರ ಯಾವುದಾದರೂ ಹಿಟ್ಟು ಇದೇ. ನಾಲ್ಕು ಜನರಿಗೆ ಎಂಟು ವಾಫಲ್: ಮೈದಾ 150 ಗ್ರಾಂ, ನುಣ್ಣಗಿನ ಅಕ್ಕಿಹಿಟ್ಟು 50 ಗ್ರಾಂ, ಕಾರ್ನ್‌ಫ್ಲೋರ್ 30 ಗ್ರಾಂ, ಸಕ್ಕರೆ 15 ಗ್ರಾಂ, ಉಪ್ಪು ಅರ್ಧ ಟೀ ಚಮಚ, ಬೇಕಿಂಗ್ ಪೌಡರ್ ಎರಡು ಟೀ ಚಮಚ, ಮೊಟ್ಟೆ ಎರಡು, ಹಾಲು 320 ಮಿಲಿ, ಕರಗಿಸಿದ ಬೆಣ್ಣೆ 75 ಗ್ರಾಂ. ಮಡಿಕೇರಿಯಂಥ ಎತ್ತರದ ಜಾಗಕ್ಕೆ ಬೇಕಿಂಗ್ ಪೌಡರ್ ಒಂದೂವರೆ ಚಮಚ ಸಾಕು. ಗಾಳಿಯ ಒತ್ತಡ ಕಡಿಮೆಯಿರುವಲ್ಲಿ ಗುಳ್ಳೆಗಳು ಹೆಚ್ಚು ಹಿಗ್ಗುತ್ತವೆ, ಗೋಡೆ ಗಟ್ಟಿಯಾಗುವ ಮೊದಲೇ ಒಡೆದು ವಾಫಲ್ ಕುಸಿಯುತ್ತದೆ.

ಅಕ್ಕಿಹಿಟ್ಟು ಯಾಕೆಂದರೆ ಅದರಲ್ಲಿ ಮೈದಾಕ್ಕೆ ಜಿಗುಟು ಕೊಡುವ ಗ್ಲುಟೆನ್ ಇಲ್ಲ. ಬರೀ ಮೈದಾ ಹಾಕಿದರೆ ಕಲಸಿದಷ್ಟೂ ನಾರು ಕಟ್ಟಿ ಜಗಿಯುವಂತಾಗುತ್ತದೆ; ಕಾಲುಭಾಗ ಅಕ್ಕಿ, ಸ್ವಲ್ಪ ಕಾರ್ನ್‌ಫ್ಲೋರ್ ಸೇರಿದರೆ ಹೊರಪದರ ತೆಳ್ಳಗೆ ಮುರಿಯುತ್ತದೆ. ಆದರೆ ಕಡಂಬುಟ್ಟಿಗೆ (ಆವಿಯಲ್ಲಿ ಬೇಯಿಸುವ ಅಕ್ಕಿತರಿಯ ಉಂಡೆಗೆ) ಇಟ್ಟ ತರಿ ಇದಕ್ಕಾಗದು. ಎಷ್ಟು ಹೊತ್ತು ಬೇಯಿಸಿದರೂ ಹಲ್ಲಿಗೆ ಮರಳು ಸಿಕ್ಕುತ್ತದೆ. ನೆನೆಸಿ ಮಿಲ್ಲಿನಲ್ಲಿ ಪುಡಿ ಮಾಡಿಸಿದ ಹಸಿಹಿಟ್ಟಿದ್ದರೆ ಅದರೊಳಗೆ ಆಗಲೇ ನೀರಿರುತ್ತದೆ. ಬಾಣಲೆಯಲ್ಲಿ ಬಣ್ಣ ಬದಲಾಗದ ಹಾಗೆ ಹುರಿದು, ಆರಿಸಿ, ಜರಡಿ ಹಿಡಿದು ಬಳಸಿ, ಇಲ್ಲವೇ ಹಾಲು ಕಡಿಮೆ ಮಾಡಿ.

ಮೊಟ್ಟೆಯ ಬಿಳಿ, ಹಳದಿ ಬೇರೆ ಮಾಡಿ. ಹಳದಿ, ಉಗುರುಬೆಚ್ಚಗಿನ ಹಾಲು, ಬೆಣ್ಣೆ ಒಟ್ಟಿಗೆ ಕಲಕಿ. ಫ್ರಿಜ್ಜಿನಿಂದ ಆಗಷ್ಟೇ ತೆಗೆದ ಹಾಲಾದರೆ ಬೆಣ್ಣೆ ಕಾಳುಕಾಳಾಗಿ ಗಟ್ಟಿಯಾಗುತ್ತದೆ. ಒಣ ಹಿಟ್ಟುಗಳನ್ನು ಜರಡಿ ಹಿಡಿದು ಇದಕ್ಕೆ ಸೇರಿಸಿ ಹತ್ತು ಹದಿನೈದು ಸುತ್ತು ತಿರುವಿದರೆ ಮುಗಿಯಿತು. ಸಣ್ಣ ಗಂಟುಗಳು ಉಳಿದರೆ ಉಳಿಯಲಿ, ಬೆಂದಾಗ ಕಾಣುವುದಿಲ್ಲ. ಹದಿನೈದು ನಿಮಿಷ ಮುಚ್ಚಿಡಿ. ಅಕ್ಕಿಹಿಟ್ಟು ಹಾಲು ಕುಡಿಯಲು ಇಷ್ಟು ಹೊತ್ತು ಬೇಕೇಬೇಕು. ಬಿಳಿಯನ್ನು ನೊರೆ ಬರಿಸುವುದು ಆಮೇಲೆ. ಪಾತ್ರೆಯಲ್ಲಿ ಎಣ್ಣೆ ಜಿಡ್ಡಾಗಲಿ, ಹಳದಿಯ ಒಂದು ಎಳೆಯಾಗಲಿ ಇದ್ದರೆ ನೊರೆ ಏಳುವುದಿಲ್ಲ. ಬೀಟರ್ ಎತ್ತಿದಾಗ ತುದಿ ಮೆಲ್ಲಗೆ ಬಾಗುವ ಹದದಲ್ಲಿ ನಿಲ್ಲಿಸಿ. ಇನ್ನೂ ಮುಂದೆ ಹೋದರೆ ನೊರೆ ಒಡೆದು ತುಂಡುತುಂಡಾಗಿ ಹಿಟ್ಟಿಗೆ ಬೆರೆಯುವುದಿಲ್ಲ. ಮೂರು ಸಲವಾಗಿ, ಸೌಟನ್ನು ತಳದಿಂದ ಮೇಲಕ್ಕೆ ತಂದು ಮಡಚುತ್ತಾ ಸೇರಿಸಿ. ವಾಫಲ್ ಹಗುರಾಗುವುದು ಬಹುಪಾಲು ಇದೊಂದರಿಂದಲೇ.

ಮೊಟ್ಟೆ ಬೇಡದವರು ಹಾಲಿನ ಬದಲು 380 ಮಿಲಿ ಹುಳಿ ಮಜ್ಜಿಗೆ ಹಾಕಿ, ಬೇಕಿಂಗ್ ಪೌಡರ್ ಒಂದು ಚಮಚಕ್ಕೆ ಇಳಿಸಿ, ಅಡುಗೆ ಸೋಡ ಅರ್ಧ ಚಮಚ ಸೇರಿಸಬಹುದು. ಗರಿ ಬರುತ್ತದೆ, ಅಷ್ಟು ಹಗುರ ಬರುವುದಿಲ್ಲ.

ಬಣ್ಣಕ್ಕೆಂದು ಸಕ್ಕರೆ ಹೆಚ್ಚಿಸಬೇಡಿ, ಜೇನನ್ನಂತೂ ಹಿಟ್ಟಿಗೆ ಹಾಕಲೇಬೇಡಿ. ಎರಡೂ ಬೇಗ ಕಪ್ಪಾಗಿ ಪ್ಲೇಟಿಗೆ ಹಿಡಿಯುತ್ತವೆ. ತಣ್ಣಗಾದ ಮೇಲೆ ಗಾಳಿಯ ತೇವ ಎಳೆದುಕೊಂಡು ವಾಫಲ್ ಮೆತ್ತಗಾಗುವಂತೆ ಮಾಡುತ್ತವೆ. ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲಿ ಇದಕ್ಕೆ ಐದು ನಿಮಿಷವೂ ಬೇಡ. ತುಡುವೆ ಜೇನು ಇದ್ದರೆ ಬಟ್ಟಲಿಗೆ ಹಾಕಿ ಪಕ್ಕದಲ್ಲಿಡಿ. ನಮ್ಮ ಕಿತ್ತಳೆ ಸಿಗುವ ಕಾಲದಲ್ಲಿ ಸಿಪ್ಪೆಯ ಹೊರಗಿನ ಬಣ್ಣದ ಪದರವನ್ನಷ್ಟೇ ತುರಿದು ಒಂದು ಚಮಚ ಹಿಟ್ಟಿಗೆ ಹಾಕಿ ನೋಡಿ. ನೀರಿನ ಅಂಶ ಸೇರದೆ ಪರಿಮಳ ಮಾತ್ರ ಸೇರುತ್ತದೆ. ಒಳಗಿನ ಬಿಳಿ ತುರಿದರೆ ಕಹಿ.

ಪ್ಲೇಟಿಗೆ ಮೊದಲ ಸಲ ಮಾತ್ರ ಬ್ರಷ್ಷಿನಲ್ಲಿ ತೆಳುವಾಗಿ ಎಣ್ಣೆ ಸವರಿ, ಹಿಟ್ಟು ಗುಳಿಗಳ ಮುಕ್ಕಾಲು ಭಾಗ ಮುಚ್ಚುವಷ್ಟು ಸುರಿಯಿರಿ. ದೀಪದ ಬಣ್ಣ ನೋಡಿ ಮುಚ್ಚಳ ತೆಗೆಯಬೇಡಿ. ಅದು ಪ್ಲೇಟಿನ ಕಾವನ್ನು ಹೇಳುತ್ತದೆಯೇ ಹೊರತು ವಾಫಲ್ ಆಯಿತೇ ಎಂಬುದನ್ನಲ್ಲ. ಅಂಚಿನಿಂದ ಬರುವ ಆವಿ ನೋಡಿ. ಮೊದಲೆರಡು ನಿಮಿಷ ಜೋರಾಗಿ ಏಳುತ್ತದೆ, ಆಗ ಎತ್ತಿದರೆ ವಾಫಲ್ ಎರಡು ಹೋಳಾಗಿ ಎರಡೂ ಪ್ಲೇಟಿಗೆ ಹಿಡಿದುಕೊಳ್ಳುತ್ತದೆ. ಆವಿ ಹೆಚ್ಚುಕಡಿಮೆ ನಿಂತ ಮೇಲೆ ಇನ್ನೊಂದು ಅರ್ಧ ನಿಮಿಷ ಕೊಡಿ. ಮುಚ್ಚಳ ತಾನಾಗಿಯೇ ಸಲೀಸಾಗಿ ಬಿಟ್ಟುಕೊಳ್ಳುತ್ತದೆ.

ತೆಗೆದದ್ದನ್ನು ತಟ್ಟೆಗೆ ಹಾಕುವುದು, ಒಂದರ ಮೇಲೊಂದು ಪೇರಿಸುವುದು, ಹಾಟ್‌ಬಾಕ್ಸಿನಲ್ಲಿ ಮುಚ್ಚಿಡುವುದು, ಮೂರೂ ಕೂಡದು. ವಾಫಲ್ ತನ್ನದೇ ಆವಿಯಲ್ಲಿ ನೆನೆಯುತ್ತದೆ. ಒಟಿಜಿ (ಕರೆಂಟಿನ ಸಣ್ಣ ಓವನ್) ಇದ್ದರೆ 100 ಡಿಗ್ರಿಯಲ್ಲಿ ಜಾಲರಿಯ ಮೇಲೆ, ಬಾಗಿಲು ಬೆರಳಷ್ಟು ತೆರೆದು ಬಿಡಿ. ಇಲ್ಲದವರು ಕಾವಲಿಯನ್ನು ಅತಿ ಸಣ್ಣ ಉರಿಯಲ್ಲಿಟ್ಟು ಅದರ ಮೇಲೆ ಹಪ್ಪಳ ಸುಡುವ ಜಾಲರಿ ಇಟ್ಟು, ವಾಫಲ್‌ಗಳನ್ನು ಒಂದರ ಪಕ್ಕ ಒಂದು ಜೋಡಿಸಿದರೆ ಎಲ್ಲರೂ ಒಟ್ಟಿಗೆ ಕೂತು ತಿನ್ನುವವರೆಗೆ ಗರಿ ಉಳಿಯುತ್ತದೆ. ಮಳೆಗಾಲದಲ್ಲಿ ಈ ಹೆಜ್ಜೆ ಬಿಟ್ಟವರಿಗೆ ಯಾವ ಯಂತ್ರವೂ ನೆರವಾಗದು.

ಸಕ್ಕರೆ ಬಿಟ್ಟು, ಉಪ್ಪು ಮುಕ್ಕಾಲು ಚಮಚಕ್ಕೆ ಏರಿಸಿ, ಒಂದು ಚಿಟಿಕೆ ಕರಿಮೆಣಸಿನ ಪುಡಿ ಹಾಕಿದರೆ ಇದೇ ವಾಫಲ್ ಕೋಳಿ ಸಾರಿನ ಜೊತೆ ಬಹಳ ಚೆನ್ನಾಗಿ ಹೊಂದುತ್ತದೆ. ಸಾರನ್ನು ಮೇಲೆ ಸುರಿಯಬೇಡಿ. ಮುರಿದು ಅದ್ದಿಕೊಂಡು ತಿನ್ನಿ.

ನಾನ್‌ಸ್ಟಿಕ್ ಪ್ಲೇಟಿಗೆ ಸ್ಪ್ರೇ ಎಣ್ಣೆ ಹಾಕದಿರುವುದೇ ಲೇಸು. ಅದರಲ್ಲಿರುವ ಲೆಸಿತಿನ್ ಸುಟ್ಟು ಕಂದು ಅಂಟಾಗಿ ಕೂತುಬಿಡುತ್ತದೆ, ಆಮೇಲೆ ಹಿಟ್ಟು ಅಲ್ಲೇ ಹಿಡಿಯುತ್ತದೆ. ಬಿಸಿ ಪ್ಲೇಟಿಗೆ ನೀರು ಸುರಿಯದೆ, ಬೆಚ್ಚಗಿರುವಾಗಲೇ ಒದ್ದೆ ಬಟ್ಟೆಯಲ್ಲಿ ಒರೆಸಿ. ಮೂಲೆಗೆ ಮೆತ್ತಗಿನ ಹಲ್ಲುಜ್ಜುವ ಬ್ರಷ್ ಸಾಕು. ಚಾಕು, ಸ್ಟೀಲ್ ಸ್ಕ್ರಬ್ಬರ್ ಹತ್ತಿರವೂ ಸುಳಿಯಬಾರದು. ಕರೆಂಟಿನದನ್ನು ಕಪಾಟಿಗೆ ಇಡುವ ಮುನ್ನ ಮುಚ್ಚಳ ತೆರೆದು ಪೂರ್ತಿ ಒಣಗಿಸಿ, ಇಲ್ಲವಾದರೆ ಜುಲೈ ಹೊತ್ತಿಗೆ ಹಿಂಜಿನ ಸ್ಕ್ರೂಗಳಿಗೆ ತುಕ್ಕು ಹಿಡಿದಿರುತ್ತದೆ. ಮಿಕ್ಕ ವಾಫಲ್‌ಗಳನ್ನು ಜಾಲರಿಯ ಮೇಲೆ ಪೂರ್ತಿ ಆರಿಸಿ ಗಾಳಿಯಾಡದ ಕವರಿನಲ್ಲಿ ಫ್ರೀಜರ್‌ಗೆ ಹಾಕಿದರೆ ಒಂದು ತಿಂಗಳು ಕೆಡುವುದಿಲ್ಲ. ತಿನ್ನುವಾಗ ಕರಗಲು ಬಿಡದೆ, ಗಟ್ಟಿಯಾಗಿದ್ದಂತೆಯೇ ಬ್ರೆಡ್ ಟೋಸ್ಟರಿಗೆ ಇಳಿಸಿ.