ಮಲೆನಾಡಿನ ಮಾಡಿಗೆ ಸೋಲಾರ್: ಒಂದು ಮಳೆಗಾಲ ಕಂಡ ಮೇಲೆ

ಸಾಗರದ ಹತ್ತಿರದ ನಮ್ಮ ಮನೆಗೆ 3 ಕಿಲೋವ್ಯಾಟ್ ಸೋಲಾರ್ ಹಾಕಿಸಿ ಹದಿನಾಲ್ಕು ತಿಂಗಳಾಯಿತು. ಕೇಂದ್ರದ ಸೂರ್ಯಘರ್ ಯೋಜನೆಯಲ್ಲಿ ಹಾಕಿಸಿದ್ದು. ಒಟ್ಟು 1,95,000 ರೂಪಾಯಿ ಆಯಿತು. 78,000 ಸಬ್ಸಿಡಿ ಖಾತೆಗೆ ಬಂತು. "ಮಲೆನಾಡಿಗೆ ಇದು ಆಗುತ್ತಾ?" ಅಂತ ಕೇಳುವವರು ಜಾಸ್ತಿ, ಅದಕ್ಕೇ ಬರೆಯುತ್ತಿದ್ದೇನೆ.

ಆಗುತ್ತದೆ. ಬಾವಿ ಮೋಟಾರು, ಫ್ರಿಜ್ಜು, ಮಿಕ್ಸಿ ಸೇರಿ ನಮಗೆ ದಿನಕ್ಕೆ ಎಂಟು ಯೂನಿಟ್ ಬೇಕು. ತಿಂಗಳಿಗೆ 200 ದಾಟುವುದರಿಂದ ಗೃಹಜ್ಯೋತಿ ಇದ್ದರೂ ಪೂರ್ತಿ ಬಿಲ್ ಕಟ್ಟುತ್ತಿದ್ದೆವು. ಈಗ ಮಾರ್ಚ್ ಬಿಸಿಲಿನಲ್ಲಿ ದಿನಕ್ಕೆ 13 ಯೂನಿಟ್ ಬರುತ್ತದೆ, ಮಿಕ್ಕಿದ್ದು ಲೈನಿಗೆ ಹೋಗುತ್ತದೆ. ಜುಲೈ ಕಥೆಯೇ ಬೇರೆ. ಎರಡು, ಮೂರು ಯೂನಿಟ್, ಅಷ್ಟೇ. ಜಡಿಮಳೆ ಹಿಡಿದ ಒಂದು ದಿನ 0.9 ಬಂದಿತ್ತು. ಪ್ಯಾನೆಲ್ಲಿನ ಕೆಳಗಿನ ಅಂಚಿನಲ್ಲಿ ಬೆರಳಗಲ ಪಾಚಿ ಕಟ್ಟುತ್ತದೆ. ಹದಿನೈದು ದಿನಕ್ಕೊಮ್ಮೆ ಹಳೇ ಪಂಚೆ ತುಂಡಿನಲ್ಲಿ ಒರೆಸಲೇಬೇಕು.

ಹಂಚಿನ ಮಾಡು ಬೇಡವೆಂದು ಕೊಟ್ಟಿಗೆಯ ಆರ್‌ಸಿಸಿ ಮೇಲೆ ಕೂರಿಸಿದರು. ಪಕ್ಕದಲ್ಲಿ ಅಜ್ಜ ನೆಟ್ಟ ಹಲಸಿನ ಮರ ಇದೆ. "ಕಡಿದುಬಿಡಿ, ನೆರಳು ಬೀಳುತ್ತೆ" ಅಂದರು ಕಂಪನಿಯ ಹುಡುಗರು. ಅಮ್ಮ ಒಪ್ಪಲಿಲ್ಲ. ಕೊನೆಗೆ ಸ್ಟ್ಯಾಂಡನ್ನು ಐದಡಿ ಸರಿಸಿದರು. ಮೂರೂವರೆ ಆದಮೇಲೆ ಈಗಲೂ ಒಂದು ಪ್ಯಾನೆಲ್ಲಿಗೆ ನೆರಳು ಬೀಳುತ್ತದೆ. ಒಂದಕ್ಕೆ ಬಿದ್ದರೆ ಅದೇ ಸಾಲಿನ ಉಳಿದವೂ ಕುಗ್ಗುತ್ತವೆ. ನಷ್ಟವೇನೋ ಇದೆ, ಆದರೆ ಮರ ಇದೆ.

ನನಗೆ ನಿಜಕ್ಕೂ ಬೇಜಾರಾದದ್ದು ಜೂನಿನಲ್ಲಿ. ಗಾಳಿಗೆ ಮರ ಬಿದ್ದು ಮೂರು ದಿನ ಕರೆಂಟಿಲ್ಲ. ಎರಡನೇ ದಿನ ಚೆನ್ನಾಗಿ ಬಿಸಿಲು ಬಂತು, ಸೋಲಾರ್ ಮಾತ್ರ ಸತ್ತಂತೆ ಕೂತಿತ್ತು. ಲೈನಿಗೆ ಜೋಡಿಸಿದ, ಬ್ಯಾಟರಿ ಇಲ್ಲದ ಈ ಥರದ ಇನ್ವರ್ಟರ್ ಲೈನ್ ಸತ್ತರೆ ತಾನೇ ಬಂದ್ ಆಗುತ್ತದೆ. ಇಲ್ಲದಿದ್ದರೆ ಕಂಬ ಹತ್ತಿದ ಲೈನ್‌ಮ್ಯಾನಿಗೆ ಅಪಾಯ. ಸರಿಯಾದ ವ್ಯವಸ್ಥೆಯೇ. ಆದರೆ ಮಾರುವಾಗ ಯಾರೂ ಹೇಳಲಿಲ್ಲ. ಕರೆಂಟ್ ಹೋದಾಗಲೂ ಬೇಕೆಂದರೆ ಬ್ಯಾಟರಿ ಇರುವ ಹೈಬ್ರಿಡ್ ಹಾಕಿಸಬೇಕು, ಅದರ ಖರ್ಚೇ ಬೇರೆ.

ಇನ್ನೊಂದು ಮಾತು ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ಬಿಸಿಲಿನ ಕರೆಂಟನ್ನು ಕೂಡಿಡಲಾಗದ ಮನೆಯ ಈ ತೊಂದರೆಯೇ ದೇಶಕ್ಕೂ ಇದೆ. ಪಾವಗಡದಲ್ಲಿ 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಇದೆ. ಜಮೀನಿದ್ದವರಿಗೆ ವರ್ಷಾ ವರ್ಷ ಬಾಡಿಗೆ ಬರುತ್ತದೆ, ಕೂಲಿಯವರಿಗೆ ಹೊಲದ ಕೆಲಸ ಹೋಯಿತು. ಹಗಲು ಬೇಕಾದಷ್ಟು ಕರೆಂಟ್, ದೀಪ ಹಚ್ಚುವ ಹೊತ್ತಿಗೆ ಇಲ್ಲ. ಹಗಲಿನದನ್ನು ಸಂಜೆಗೆ ಕೂಡಿಡಬೇಕು. ಅದಕ್ಕೆ ಕಣ್ಣು ಬಿದ್ದಿರುವುದು ನಮ್ಮ ಶರಾವತಿಯ ಮೇಲೆ. ಹಗಲು ಕೆಳಗಿನ ಗೇರುಸೊಪ್ಪ ಜಲಾಶಯದ ನೀರನ್ನು ಮೇಲಿನ ತಳಕಳಲೆ ಜಲಾಶಯಕ್ಕೆ ಎತ್ತಿ, ಸಂಜೆ ಇಳಿಸಿ ಕರೆಂಟ್ ತೆಗೆಯುವ 2000 ಮೆಗಾವ್ಯಾಟ್ ಯೋಜನೆ. ಜಾಗ ಸಿಂಗಳೀಕಗಳ ಅಭಯಾರಣ್ಯ.

ನಮ್ಮ ಅಜ್ಜ ಲಿಂಗನಮಕ್ಕಿ ಮುಳುಗಡೆಯಲ್ಲಿ ಊರು ಬಿಟ್ಟು ಬಂದವರು. ಆ ಅಣೆಕಟ್ಟು ಮುಗಿದದ್ದು 1964ರಲ್ಲಿ. ನಾಡಿಗೆ ಬೆಳಕು ಕೊಡಲು ಈ ಕಣಿವೆ ಒಮ್ಮೆ ಮುಳುಗಿದೆ, ಮತ್ತೆ ಅದನ್ನೇ ಕೇಳುವುದು ನ್ಯಾಯ ಅಲ್ಲ. ಕಲ್ಲಿದ್ದಲು ಸುಡುವುದಕ್ಕಿಂತ ಬಿಸಿಲು ಒಳ್ಳೆಯದು, ಅದರಲ್ಲಿ ನನಗೆ ಅನುಮಾನವೇ ಇಲ್ಲ. ಆದರೆ ಶಾಲೆ, ಗೋದಾಮು, ಅಡಿಕೆ ಮಂಡಿ, ಬಸ್ ಸ್ಟ್ಯಾಂಡ್, ಇವುಗಳ ಮಾಡೆಲ್ಲ ಇನ್ನೂ ಖಾಲಿ ಇವೆಯಲ್ವಾ? ಮೊದಲು ಅಲ್ಲಿ ಹಾಕಲಿ, ಬ್ಯಾಟರಿಯೂ ಅಲ್ಲೇ ಇಡಲಿ.

ಹಾಕಿಸುವವರಿಗೆ: ಕೆಲಸ ಎರಡೇ ದಿನದಲ್ಲಿ ಮುಗಿಯುತ್ತದೆ. ಲೈನಿಗೆ ಹೋದದ್ದನ್ನೂ ಲೆಕ್ಕ ಇಡುವ ನೆಟ್ ಮೀಟರ್ ಬರಲು ನಮಗೆ ಏಳು ವಾರ ಹಿಡಿಯಿತು, ಹಾಗಾಗಿ ದೀಪಾವಳಿ ಕಳೆದ ತಕ್ಷಣ ಅರ್ಜಿ ಹಾಕಿ, ಬೇಸಿಗೆ ಪೂರ್ತಿ ಸಿಗುತ್ತದೆ. ಮಧ್ಯಾಹ್ನ ಮೂರು ಗಂಟೆಗೆ ಬಂದು ನೆರಳು ನೋಡದೆ ಫೋನಿನಲ್ಲೇ ರೇಟ್ ಹೇಳುವವರಿಗೆ ಅಡ್ವಾನ್ಸ್ ಕೊಡಬೇಡಿ.