ಪಿಂಕಿಯ ಎರಡು ಕಣ್ಣು: ಒಂದಕ್ಕೆ ಮುಲಾಮು, ಇನ್ನೊಂದಕ್ಕೆ ಆಪರೇಷನ್

ನಮ್ಮ ನಾಯಿ ಪಿಂಕಿಗೆ ಈಗ ಎಂಟು ವರ್ಷ. ಶಿಟ್ಜು ಜಾತಿ, ತೂಕ ಆರು ಕೆ.ಜಿ. ಎರಡೂ ಕಣ್ಣಿಗೆ ಡ್ರೈ ಐ, ಅಂದರೆ ಕಣ್ಣೀರೇ ಬತ್ತಿಹೋಗುವ ಕಾಯಿಲೆ. ಬಲಗಣ್ಣು ಮುಲಾಮಿನಲ್ಲೇ ಹತೋಟಿಗೆ ಬಂತು. ಎಡಗಣ್ಣಿಗೆ ಆಪರೇಷನ್ ಮಾಡಿಸಿ ಹದಿನಾಲ್ಕು ತಿಂಗಳಾಯಿತು. ಒಂದೇ ನಾಯಿ, ಒಂದೇ ಮನೆ, ಒಂದೇ ಚಿಕ್ಕಮಗಳೂರಿನ ಗಾಳಿ. ಹಾಗಾಗಿ ಎರಡನ್ನೂ ಅಕ್ಕಪಕ್ಕ ಇಟ್ಟು ಹೇಳಬಲ್ಲೆ.

ಈಚೆಗೆ ಹಿಂದಿನ ಬೀದಿಯ ಹುಡುಗಿ ಅವಳ ಪಗ್ ಎತ್ತಿಕೊಂಡು ಬಂದು, "ಆಪರೇಷನ್ ಮಾಡಿಸಿಬಿಟ್ರೆ ದಿನಾ ಡ್ರಾಪ್ಸ್ ಹಾಕೋದು ತಪ್ಪುತ್ತಾ ಅಕ್ಕಾ?" ಅಂತ ಕೇಳಿದಳು. ಇಲ್ಲ, ತಪ್ಪುವುದಿಲ್ಲ. ಇದು ಗೊತ್ತಿಲ್ಲದೆ ಯಾರೂ ಆಪರೇಷನ್‌ಗೆ ದಿನ ಗೊತ್ತು ಮಾಡಬಾರದು ಅಂತಲೇ ಇಷ್ಟು ಬರೆಯುತ್ತಿದ್ದೇನೆ.

ಶುರುವಿನಲ್ಲಿ ಬರೀ ಗೀಜು. ಬೆಳಗ್ಗೆ ಎದ್ದರೆ ರೆಪ್ಪೆ ಅಂಟಿಕೊಂಡಿರುತ್ತಿತ್ತು. ಉಗುರುಬೆಚ್ಚಗಿನ ನೀರಲ್ಲಿ ಹತ್ತಿ ಅದ್ದಿ ಒರೆಸಿದರೆ ಹಲಸಿನ ಮೇಣದ ಹಾಗೆ ಎಳೆ ಎಳೆಯಾಗಿ ಬರುತ್ತಿತ್ತು. ಕಾಫಿ ಕೊಯ್ಲಿನ ಕಾಲ, ಕಣದ ಧೂಳಿರಬೇಕು ಅಂದುಕೊಂಡೆವು. ಒಂದು ಕ್ಲಿನಿಕ್ಕಿನಲ್ಲಿ ಕಣ್ಣುಬೇನೆ ಅಂತ ಆಂಟಿಬಯೋಟಿಕ್ ಡ್ರಾಪ್ಸ್ ಬರೆದುಕೊಟ್ಟರು. ಹಾಕಿದಾಗ ಕಡಿಮೆ, ಬಿಟ್ಟರೆ ಮತ್ತೆ ಅದೇ. ಹೀಗೆ ಮೂರು ತಿಂಗಳು ಹೋಯಿತು. ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ, ಯಾಕೆಂದರೆ ಒಂದೇ ನಿಮಿಷದ ಪರೀಕ್ಷೆಯಲ್ಲಿ ಅದು ಗೊತ್ತಾಗಬೇಕಿತ್ತು.

ಆ ಪರೀಕ್ಷೆ ಆದದ್ದು ಹಾಸನದ ವೆಟರ್ನರಿ ಕಾಲೇಜಿನಲ್ಲಿ. ಬೇಲೂರು ದಾಟಿ ಹೋಗುವಷ್ಟೂ ಹೊತ್ತು ಪಿಂಕಿ ನನ್ನ ತೊಡೆ ಮೇಲೆ ಕಣ್ಣು ಕಿರಿದು ಮಾಡಿಕೊಂಡು ಮಲಗಿತ್ತು. ಶಿರ್ಮರ್ ಪರೀಕ್ಷೆ ಅನ್ನುತ್ತಾರೆ. ಐದು ಮಿ.ಮೀ. ಅಗಲದ ಕಾಗದದ ಪಟ್ಟಿ, ಅದರ ತುದಿ ಮಡಿಸಿ ಕೆಳರೆಪ್ಪೆಯ ಒಳಗೆ ಸಿಕ್ಕಿಸಿ ಒಂದು ನಿಮಿಷ ಬಿಡುತ್ತಾರೆ. ಪಟ್ಟಿ ಎಷ್ಟು ದೂರ ಒದ್ದೆಯಾಯಿತು ಅನ್ನುವುದೇ ಕಣ್ಣೀರಿನ ಅಳತೆ. 15 ಮಿ.ಮೀ. ಅಥವಾ ಹೆಚ್ಚಿದ್ದರೆ ಸರಿ, 10ಕ್ಕಿಂತ ಕಡಿಮೆಯಾದರೆ ಡ್ರೈ ಐ, 5ಕ್ಕಿಂತ ಕೆಳಗೆ ಹೋದರೆ ತೀವ್ರ. ಪಿಂಕಿಯ ಬಲಗಣ್ಣು 4, ಎಡಗಣ್ಣು 1. ಎಡಗಡೆಯ ಕಾಗದ ಹೆಚ್ಚುಕಡಿಮೆ ಒಣಗಿದಂತೆಯೇ ಹೊರಗೆ ಬಂತು.

ಡಾಕ್ಟರು, "ಮೇಡಂ, ಈ ಕಣ್ಣಿಗೆ ಚಿಕ್ಕಂದಿನಲ್ಲಿ ಏನಾದ್ರೂ ಮಾಡಿಸಿದ್ರಾ?" ಅಂತ ಕೇಳಿದರು. ಮಾಡಿಸಿದ್ದೆವು. ಒಂದು ವರ್ಷದ ಮರಿಯಾಗಿದ್ದಾಗ ಎಡಗಣ್ಣಿನ ಮೂಲೆಯಲ್ಲಿ ಕೆಂಪು ಗಂಟು ಹೊರಗೆ ಬಂದಿತ್ತು, ಚೆರ್ರಿ ಐ. ಅದನ್ನು ಕತ್ತರಿಸಿ ತೆಗೆದಿದ್ದರು. ಅದು ಗಂಟಲ್ಲ, ನಾಯಿಯ ಮೂರನೇ ರೆಪ್ಪೆಯ ಕಣ್ಣೀರಿನ ಗ್ರಂಥಿ. ಕಣ್ಣೀರಿನ ಮೂರನೇ ಒಂದು ಭಾಗದಷ್ಟು ಅಲ್ಲಿಂದಲೇ ಬರುತ್ತದೆ. ಅದನ್ನು ಕತ್ತರಿಸಬಾರದು, ಜೇಬಿನ ಹಾಗೆ ಹೊಲಿದು ಒಳಗೆ ಕೂರಿಸಬೇಕು. ನಿಮ್ಮ ಮರಿಗೆ ಚೆರ್ರಿ ಐ ಬಂದರೆ "ತೆಗೀತೀರಾ, ಒಳಗೆ ಕೂರಿಸ್ತೀರಾ?" ಅಂತ ಕೇಳದೆ ಒಪ್ಪಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಮಾಧಾನವಿಲ್ಲ.

ಕೃತಕ ಕಣ್ಣೀರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ರಿಫ್ರೆಶ್ ಟಿಯರ್ಸ್ ತರಹದ ಡ್ರಾಪ್ಸ್ ಯಾವ ಮೆಡಿಕಲ್ ಶಾಪಿನಲ್ಲಾದರೂ ಸಿಗುತ್ತವೆ, ಹಾಕಿದ ತಕ್ಷಣ ನಾಯಿಗೆ ಹಾಯೆನಿಸುತ್ತದೆ, ಸ್ವಲ್ಪ ಹೊತ್ತಿಗೆ ಆರಿಹೋಗುತ್ತದೆ. ರಾತ್ರಿಗೆ ಗಟ್ಟಿ ಜೆಲ್ ಮೇಲು. ಎರಡೂ ಬೇಕು, ಆದರೆ ಬರೀ ಇವುಗಳಿಂದ ಕಾಯಿಲೆ ನಿಲ್ಲುವುದಿಲ್ಲ.

ಕಾಯಿಲೆಯ ಬೇರಿಗೆ ಕೈ ಹಾಕುವುದು ಮುಲಾಮು. ಸಣ್ಣ ನಾಯಿಗಳಲ್ಲಿ ಡ್ರೈ ಐ ಬರುವುದು ಬಹುಪಾಲು ದೇಹದ ರೋಗನಿರೋಧಕ ವ್ಯವಸ್ಥೆಯೇ ಕಣ್ಣೀರಿನ ಗ್ರಂಥಿಯ ಮೇಲೆ ತಿರುಗಿಬೀಳುವುದರಿಂದ. ಸೈಕ್ಲೋಸ್ಪೊರಿನ್ ಮತ್ತು ಟ್ಯಾಕ್ರೊಲಿಮಸ್ ಎರಡೂ ಆ ದಾಳಿಯನ್ನು ಅಡಗಿಸುತ್ತವೆ. ನಮಗೆ ಮೊದಲು ಸೈಕ್ಲೋಸ್ಪೊರಿನ್ ಕೊಟ್ಟರು, ದಿನಕ್ಕೆ ಎರಡು ಸಲ. ಹಾಕಿದ ಕೂಡಲೇ ಪಿಂಕಿ ಮುಖವನ್ನು ಚಾಪೆಗೆ ಉಜ್ಜುತ್ತಿತ್ತು, ಉರಿ ಇರಬೇಕು. ಎಂಟು ವಾರಕ್ಕೆ ಬಲಗಣ್ಣು 4ರಿಂದ 8ಕ್ಕೆ ಬಂತು. ಆಮೇಲೆ 0.03 ಶೇಕಡ ಟ್ಯಾಕ್ರೊಲಿಮಸ್‌ಗೆ ಬದಲಾಯಿಸಿದರು. ಮುಖ ಉಜ್ಜುವುದು ನಿಂತಿತು, ಇನ್ನೆರಡು ತಿಂಗಳಿಗೆ ಬಲಗಣ್ಣು 14 ತೋರಿಸಿತು. ನನ್ನ ಮಟ್ಟಿಗೆ ಇವೆರಡರಲ್ಲಿ ಟ್ಯಾಕ್ರೊಲಿಮಸ್ಸೇ ಗೆದ್ದಿದ್ದು. ಹಚ್ಚುವಾಗ ಗ್ಲೌಸ್ ಹಾಕಿಕೊಳ್ಳುತ್ತೇನೆ, ಆಮೇಲೆ ಕೈಯನ್ನೂ ಸೋಪಿನಲ್ಲಿ ತೊಳೆಯುತ್ತೇನೆ.

ಮುಲಾಮಿಗೆ ಬೇಕಾದದ್ದು ತಾಳ್ಮೆ. ಮೊದಲ ಮೂರು ವಾರ ಏನೂ ಆಗಲಿಲ್ಲ, ನಮ್ಮವರು "ಇದು ಪ್ರಯೋಜನ ಇಲ್ಲ ಬಿಡು" ಅಂದುಬಿಟ್ಟಿದ್ದರು. ಆರರಿಂದ ಎಂಟು ವಾರ, ಕೆಲವಕ್ಕೆ ಹನ್ನೆರಡು ವಾರ ಬೇಕು. ಮೂರನೇ ವಾರಕ್ಕೆ ಬಿಟ್ಟು ಆಪರೇಷನ್‌ಗೆ ಓಡುವವರು ತುಂಬಾ ಜನ. ಒಳ್ಳೆಯದಾದ ಮೇಲೂ ಬಿಡುವ ಹಾಗಿಲ್ಲ, ಜೀವನಪರ್ಯಂತ. ಒಮ್ಮೆ ಧರ್ಮಸ್ಥಳಕ್ಕೆ ಹೋಗಿದ್ದಾಗ ನಾಲ್ಕು ದಿನ ತಪ್ಪಿತು, ಐದನೇ ದಿನ ಗೀಜು ಹಾಜರ್.

ಎಡಗಣ್ಣಿಗೆ ಇದ್ಯಾವುದೂ ನಾಟಲಿಲ್ಲ. 1 ಇದ್ದದ್ದು 2 ಆಯಿತು, ಅಷ್ಟೇ. ಶುರುವಿನಲ್ಲೇ 2ಕ್ಕಿಂತ ಕೆಳಗಿರುವ ಕಣ್ಣು ಮದ್ದಿಗೆ ಬಗ್ಗುವುದು ಕಷ್ಟ ಅಂತ ಡಾಕ್ಟರು ಮೊದಲೇ ಎಚ್ಚರಿಸಿದ್ದರು. ಕಣ್ಣಿನ ಕರಿಗುಡ್ಡೆಯ ಮೇಲೆ ಹುಣ್ಣಾಯಿತು, ವಾಸಿಯಾಯಿತು, ಮತ್ತೆ ಆಯಿತು. ಎರಡೆರಡು ಗಂಟೆಗೆ ಜೆಲ್ ಹಾಕಬೇಕಿತ್ತು, ನಾವಿಬ್ಬರೂ ಕೆಲಸಕ್ಕೆ ಹೋಗುವವರು. ಆಗ ಬೆಂಗಳೂರಿನ ಕಣ್ಣಿನ ತಜ್ಞರೊಬ್ಬರ ಹತ್ತಿರ ಹೋದೆವು.

ಆಪರೇಷನ್ ಹೆಸರು ಪರೋಟಿಡ್ ಡಕ್ಟ್ ಟ್ರಾನ್ಸ್‌ಪೊಸಿಷನ್. ಕಿವಿಯ ಕೆಳಗಿನ ಜೊಲ್ಲಿನ ಗ್ರಂಥಿಯಿಂದ ಒಂದು ಸಣ್ಣ ನಾಳ ಬಂದು ಮೇಲ್ದವಡೆಯ ದೊಡ್ಡ ಹಲ್ಲಿನ ಹತ್ತಿರ, ಕೆನ್ನೆಯ ಒಳಗೆ ತೆರೆದುಕೊಳ್ಳುತ್ತದೆ. ಅದನ್ನು ಬಾಯಿಂದ ಬಿಡಿಸಿ, ಚರ್ಮದ ಕೆಳಗೇ ತಂದು ಕೆಳರೆಪ್ಪೆಯ ಒಳಗೆ ಹೊಲಿಯುತ್ತಾರೆ. ಕಣ್ಣೀರಿನ ಬದಲು ಜೊಲ್ಲು ಕಣ್ಣನ್ನು ನೆನೆಸುತ್ತದೆ. ಅದಕ್ಕೂ ಮುಂಚೆ ನಾಲಿಗೆಗೆ ಒಂದು ಹನಿ ಕಹಿ ಮದ್ದು ಹಾಕಿ, ಕೆನ್ನೆ ಎತ್ತಿ ಹಿಡಿದು, ಆ ರಂಧ್ರದಿಂದ ಜೊಲ್ಲು ಜಿನುಗುತ್ತದಾ ಅಂತ ನೋಡಿದರು. ಬಾಯಿಯೂ ಒಣಗಿರುವ ನಾಯಿಗೆ ಈ ಆಪರೇಷನ್ ಮಾಡಿ ಫಲವಿಲ್ಲ. ಚಪ್ಪಟೆ ಮೂತಿಯ ನಾಯಿಗಳಿಗೆ ಅರಿವಳಿಕೆಯಲ್ಲಿ ಅಪಾಯ ಹೆಚ್ಚು ಅಂತಲೂ ಬಿಡಿಸಿ ಹೇಳಿದರು. ಆ ಎರಡು ಗಂಟೆ ಹೊರಗಿನ ಬೆಂಚಿನ ಮೇಲೆ ಹೇಗೆ ಕೂತಿದ್ದೆನೋ ದೇವರಿಗೇ ಗೊತ್ತು.

ಮನೆಗೆ ಬಂದ ಮೇಲೆ ಕೆನ್ನೆ ಬಾತಿತ್ತು. ಕೆರೆದುಕೊಳ್ಳದಂತೆ ಕೊರಳಿಗೆ ಕೋನ್. ನಾಳ ಮುಚ್ಚಿಹೋಗದಂತೆ ಜೊಲ್ಲು ಹರಿಯುತ್ತಿರಬೇಕು ಅಂತ ದಿನಕ್ಕೆ ಆರು ಸಲ ಒಂದೊಂದು ತುತ್ತು ಕೊಡುತ್ತಿದ್ದೆ. ಮೂರನೇ ದಿನ ಬೇಯಿಸಿದ ಕೋಳಿಯ ವಾಸನೆಗೆ ಪಿಂಕಿ ತಲೆ ಎತ್ತಿತು, ಎಡಗಣ್ಣಿನ ಅಂಚಿನಲ್ಲಿ ನೀರು ತುಂಬಿ ಬಂತು. ವರ್ಷದಿಂದ ಮಾಸಿದ ಗೋಲಿಯಂತಿದ್ದ ಕಣ್ಣು ಮಿಂಚಿತು. ನಾನು ಅಲ್ಲೇ ಅಡುಗೆಮನೆಯಲ್ಲಿ ಕೂತು ಅತ್ತೆ.

ಅಲ್ಲಿಂದೀಚೆಗೆ ಹುಣ್ಣಾಗಿಲ್ಲ. ಅದೇ ದೊಡ್ಡ ಲಾಭ. ಕಣ್ಣಿನ ಮೇಲೆ ಮೊದಲೇ ಕೂತಿದ್ದ ಕಪ್ಪು ಕಲೆ ಮಾತ್ರ ಹೋಗಿಲ್ಲ.

ಆದರೆ ಜೊಲ್ಲು ಕಣ್ಣೀರಲ್ಲ, ಅದರಲ್ಲಿ ಖನಿಜದ ಅಂಶ ಹೆಚ್ಚು. ಐದನೇ ತಿಂಗಳಿಗೆ ಕಣ್ಣಿನ ಮೇಲೆ ಬಿಳಿ ಪುಡಿ ಕೂತಂತೆ ಕಂಡಿತು, ಪಿಂಕಿ ಪಟಪಟ ರೆಪ್ಪೆ ಬಡಿಯುತ್ತಿತ್ತು. ಅದು ಸುಣ್ಣದ ಅಂಶ, ಅದನ್ನು ಕರಗಿಸಲು ಇಡಿಟಿಎ ಡ್ರಾಪ್ಸ್ ಬೇರೆ. ಪ್ರತಿ ಊಟದ ಹೊತ್ತಿಗೆ ಎಡಗೆನ್ನೆ ಒದ್ದೆ. ಒರೆಸದೆ ಬಿಟ್ಟರೆ ಕೂದಲು ಗಟ್ಟಿಕಟ್ಟಿ ಚರ್ಮ ಕೆಂಪಾಗುತ್ತದೆ, ಮಳೆಗಾಲದಲ್ಲಂತೂ ಒಣಗುವುದೇ ಇಲ್ಲ. ಆ ಕಡೆ ಕೂದಲನ್ನು ಯಾವಾಗಲೂ ಗಿಡ್ಡ ಕತ್ತರಿಸಿಟ್ಟಿರುತ್ತೇನೆ. ಉರಿಯೂತ ಒಳಗೇ ಇರುವುದರಿಂದ ಟ್ಯಾಕ್ರೊಲಿಮಸ್ ಈ ಕಣ್ಣಿಗೂ ಮುಂದುವರಿದಿದೆ. ಒಟ್ಟು ಲೆಕ್ಕ ಹಾಕಿದರೆ ಬಲಗಣ್ಣಿಗೆ ದಿನಕ್ಕೆ ಐದು ನಿಮಿಷ, ಎಡಗಣ್ಣಿಗೆ ಅರ್ಧ ಗಂಟೆ.

ಸೈಕ್ಲೋಸ್ಪೊರಿನ್ ತುಂಬಿದ ಸಣ್ಣ ಇಂಪ್ಲಾಂಟ್ ಕೂರಿಸುವುದು, ಅಗಲವಾಗಿ ತೆರೆದ ಕಣ್ಣಿನ ಮೂಲೆಯನ್ನು ಹೊಲಿದು ಕಿರಿದು ಮಾಡುವುದು, ಇವೂ ಉಂಟು. ನಾವು ಮಾಡಿಸಿಲ್ಲ, ಹಾಗಾಗಿ ತೂಕ ಹಾಕಿ ಹೇಳಲಾರೆ.

ಹಾಗಾದರೆ ಮತ್ತೆ ಆಯ್ಕೆ ಕೊಟ್ಟರೆ? ಎಡಗಣ್ಣಿಗೆ ಆಪರೇಷನ್ನೇ ಮಾಡಿಸುತ್ತೇನೆ, ಎರಡನೇ ಯೋಚನೆಯಿಲ್ಲ. ಆ ಕಣ್ಣಿಗೆ ಬೇರೆ ದಾರಿ ಉಳಿದಿರಲಿಲ್ಲ. ಬಲಗಣ್ಣಿನಂಥ ಕಣ್ಣಿಗೆ ಯಾರಾದರೂ ಆಪರೇಷನ್ ಹೇಳಿದರೆ ಒಪ್ಪುವುದಿಲ್ಲ.

ಆ ಹುಡುಗಿಯನ್ನು ಕಳೆದ ವಾರ ಹಾಸನಕ್ಕೆ ನಾನೇ ಕರೆದುಕೊಂಡು ಹೋಗಿದ್ದೆ. ಪಗ್‌ನ ಅಳತೆ ಎರಡೂ ಕಣ್ಣಿಗೆ 6. ಇತ್ತೀಚೆಗೆ ಭೇದಿಗೆ ಸಲ್ಫಾ ಮಾತ್ರೆ ಕೊಟ್ಟಿದ್ರಾ ಅಂತಲೂ ಡಾಕ್ಟರು ಕೇಳಿದರು, ಅದರಿಂದಲೂ ಕಣ್ಣೀರು ಬತ್ತುತ್ತದಂತೆ. ಕೊಟ್ಟಿರಲಿಲ್ಲ. ಮುಲಾಮು ಶುರುವಾಗಿದೆ. ಎಂಟು ವಾರ ಮುಗಿಯುವುದು ದೀಪಾವಳಿ ಹೊತ್ತಿಗೆ, ಅಲ್ಲಿವರೆಗೆ ಆಪರೇಷನ್ ಮಾತೇ ಎತ್ತಬೇಡ ಅಂದಿದ್ದೇನೆ.