ರಾಕೆಟ್ ಬೇಡ, ಮನೆ ಇರುವ ಕಥೆ ಕೊಡಿ ಅಂದೆ

ಹಾಸನದ ಬಸ್ ಸ್ಟ್ಯಾಂಡ್‌ನಿಂದ ನಡೆದೇ ಹೋಗಬಹುದಾದ ಬಾಡಿಗೆ ಪುಸ್ತಕದ ಅಂಗಡಿ ಇದು. ಮೆಟ್ಟಿಲು ಕಡಿದಾಗಿದೆ, ಫ್ಯಾನ್ ಇಲ್ಲ.

ಮಗಳಿಗೆ ವೈಜ್ಞಾನಿಕ ಕಥೆ ಬೇಕಿತ್ತು. "ರಾಕೆಟ್ ಬೇಡ ಸಾರ್, ಅಪ್ಪ ಅಮ್ಮ ಮಕ್ಕಳು ಇರೋದು ಕೊಡಿ" ಅಂದೆ. ಅಂಗಡಿಯವರು ನಗಲಿಲ್ಲ, ಅಮೆರಿಕದ ಲೇಖಕ ರೇ ಬ್ರಾಡ್‌ಬರಿಯ 'ದಿ ವೆಲ್ಟ್' ಇರುವ ಸಂಕಲನ ತೆಗೆದುಕೊಟ್ಟರು. 1950ರ ಕಥೆ. ಅಡುಗೆಯಿಂದ ಹಿಡಿದು ಷೂ ಲೇಸ್ ಕಟ್ಟುವವರೆಗೆ ಎಲ್ಲಾ ಮನೆಯೇ ಮಾಡುತ್ತದೆ, ಮಕ್ಕಳಿಗೆ ಹೆತ್ತವರಿಗಿಂತ ಗೋಡೆಯಲ್ಲಿ ಆಫ್ರಿಕಾದ ಸಿಂಹ ತೋರಿಸುವ ಕೋಣೆಯೇ ಹೆಚ್ಚು, ಅದನ್ನು ಬಂದ್ ಮಾಡ್ತೀನಿ ಅಂತ ಅಪ್ಪ ಹೊರಟಾಗ ಏನಾಗುತ್ತದೆ ಅನ್ನೋದನ್ನು ನೀವೇ ಓದಿ. ನಮ್ಮನೇಲಿ ಊಟದ ಹೊತ್ತಿಗೆ ಮೊಬೈಲ್ ಕಿತ್ತುಕೊಂಡಾಗಿನ ರಂಪ ನೆನಪಾಯಿತು, ಸುಳ್ಳಲ್ಲ!

ಮಾತು 'ದಿ ಜೆಟ್ಸನ್ಸ್' ಕಡೆ ಹೋಯಿತು. ಮುಂದಿನ ಕಾಲದ ಒಂದು ಕುಟುಂಬದ ಬಗ್ಗೆ 1962ರಲ್ಲಿ ಬಂದ ಟಿವಿ ಕಾರ್ಟೂನ್ ಅದು. ಹಾರುವ ಕಾರು ಇದೆ, ಕೆಲಸಕ್ಕೆ ರೋಬೋಟ್ ಇದೆ, ಆದರೂ ಆಫೀಸಿಗೆ ಹೋಗೋದು ಅಪ್ಪ, ಮನೆ ಅಮ್ಮನ ಪಾಲಿಗೆ. ಇಷ್ಟೆಲ್ಲಾ ಊಹಿಸಿದವರಿಗೆ ಇದೊಂದು ಹೊಳೆಯಲಿಲ್ಲ ಅಲ್ವಾ?

ಕನ್ನಡದ ವೈಜ್ಞಾನಿಕ ಕಥೆಗಳು ಮಾತ್ರ ಇಲ್ಲಿ ತೀರಾ ಕಡಿಮೆ, ನನಗೆ ಸಿಕ್ಕ ಒಂದರಲ್ಲೂ ಕೊನೆಯ ಎರಡು ಪುಟ ಇರಲಿಲ್ಲ. ಅದಕ್ಕೇ ಒಂದು ಸ್ಟಾರ್ ಕಟ್. ಸಂಜೆ ಹೋಗಿ, ಅಂಗಡಿಯವರು ಜಾಸ್ತಿ ಮಾತಾಡ್ತಾರೆ.